ನಾನು ಸೇತುವೆಯಾಗಿದ್ದ ಆ ಬೆಳಗ್ಗೆ

ನಾನು ಚಿಕ್ಕವಳಿದ್ದಾಗ ನನ್ನ ಕಾಲು ಒಂದು ಕಡೆ ನಿಂತದ್ದೇ ಇಲ್ಲ. ಅದಕ್ಕೆ ಕಾರಣ ಅಪ್ಪ ಮತ್ತು ದೊಡ್ಡಪ್ಪ. ಬದುವಿನ ಮೇಲಿದ್ದ ಒಂದು ಹುಣಸೆಮರಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಹಾಗಂತ ಹೇಳಬೇಕಾದ್ದನ್ನು ಹೇಳದೆ ಇರುತ್ತಿದ್ದರೇ? ಎಲ್ಲವನ್ನೂ ನನ್ನ ಕೈಲಿ ಹೇಳಿಸುತ್ತಿದ್ದರು. ಎರಡು ಮನೆಗಳ ನಡುವೆ ಒಂದು ಹಳ್ಳ. ದಿನಕ್ಕೆ ಹತ್ತು ಸಲ ಅದನ್ನು ದಾಟಿ ದಾಟಿ, ಇಬ್ಬರನ್ನೂ ಮನಸಾರೆ ಬೈದುಕೊಳ್ಳುತ್ತಿದ್ದೆ.

ಅವತ್ತು ಅಕ್ಕನ ಎಸ್ಸೆಸ್ಸೆಲ್ಸಿ ಪರೀಕ್ಷೆ. ರಾತ್ರಿಯಿಡೀ ಮಳೆ ಹೊಯ್ದು, ಬೆಳಗ್ಗೆ ನೋಡಿದರೆ ಹಳ್ಳಕ್ಕೆ ಹಾಕಿದ್ದ ಮಣ್ಣಿನ ದಾರಿಯೇ ಕೊಚ್ಚಿಹೋಗಿತ್ತು. ಹಂಗಳದ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಬರುವುದು ಆಚೆ ದಡದ ರಸ್ತೆಗೆ. ಅದು ತಪ್ಪಿದರೆ ಪರೀಕ್ಷೆಯೂ ತಪ್ಪಿತು. ಪರೀಕ್ಷೆ ತಪ್ಪಿದರೆ ಓದು ಬಿಡಿಸಿ ಮದುವೆ ಮಾಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೆ ಅಡಗಿತ್ತು. ಕೆಂಪು ನೀರು, ಕೊಳೆತ ಎಲೆಯ ವಾಸನೆ. ಅಕ್ಕ ಹಾಲ್ ಟಿಕೆಟ್ಟನ್ನು ಎದೆಗೆ ಅವಚಿಕೊಂಡು ದಡದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ಅವಳ ಹಿಂದೆ ನಾನೂ ತಿರುಗುತ್ತಿದ್ದೆ.

ಆಚೆ ದಡದಲ್ಲಿ ದೊಡ್ಡಪ್ಪ ಕಾಣಿಸಿದ. ಪರೀಕ್ಷೆಯ ವಿಷಯ ಅವನಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ತೋಟದಲ್ಲಿ ಬಿದ್ದಿದ್ದ ತೆಂಗಿನ ದಿಮ್ಮಿಯನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದ. ಅದಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಗೆ ಕಲ್ಲು ಕಟ್ಟಿ ನಮ್ಮ ಕಡೆಗೆ ಎಸೆದ.

“ಅಮ್ಮೀ, ಹಗ್ಗವ ಬಿಗಿಯಾಗಿ ಇಡ್ಕಂಡು ಎಳೀಲಿ ಅಂತ ನಿಮ್ಮಪ್ಪಂಗೇಳು!”

ಅಪ್ಪ ನನ್ನ ಪಕ್ಕದಲ್ಲೇ ಇದ್ದ. ಆ ಕೂಗು ಊರಿಗೇ ಕೇಳಿಸುವಂತಿತ್ತು. ಆದರೂ ನಾನು ಹೇಳುವ ತನಕ ಅಪ್ಪ ಅಲುಗಲಿಲ್ಲ.

“ಇಡ್ಕಂಡೇ ಇವ್ನಿ ಅಂತ ನಿಮ್ ದೊಡ್ಡಪ್ಪಂಗೇಳು ಕಣಮ್ಮಿ.”

ದಿಮ್ಮಿ ಹಳ್ಳಕ್ಕೆ ಅಡ್ಡ ಕೂರುವಷ್ಟರಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಅವತ್ತು ಆ ಹಳ್ಳಕ್ಕೆ ಎರಡು ಸೇತುವೆ: ಒಂದು ದಿಮ್ಮಿ, ಇನ್ನೊಂದು ನಾನು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಕ್ಕ ಲಂಗ ಎತ್ತಿ ಕಟ್ಟಿ ದಿಮ್ಮಿಯ ಮೇಲೆ ಹೆಜ್ಜೆಯಿಟ್ಟಳು. ಅವಳು ನಡುವಿಗೆ ಬಂದಾಗ ಆಚೆ ತುದಿಯ ಮಣ್ಣು ಕುಸಿಯಿತು. ದೊಡ್ಡಪ್ಪ ಅತ್ತ ತಿರುಗಿ ಎತ್ತು ಬಿಚ್ಚುತ್ತಿದ್ದ.

“ಅಮ್ಮೀ, ನಿಮ್ ದೊಡ್ಡಪ್ಪಂಗೆ...” ಎಂದ ಅಪ್ಪ. ನಾನು ಬಾಯಿ ತೆರೆದೆ. ಸ್ವರವೇ ಹೊರಡಲಿಲ್ಲ.

“ಅಣ್ಣಾ! ದಿಮ್ಮಿ ಜಾರ್ತಾದೆ, ಇಡ್ಕಳಣ್ಣಾ!”

ದೊಡ್ಡಪ್ಪ ತಿರುಗಿದವನೇ ದಿಮ್ಮಿಯ ಮೇಲೆ ಕವುಚಿ ಬಿದ್ದು ತಬ್ಬಿಕೊಂಡ. ಅಕ್ಕ ಅವನ ಬೆನ್ನನ್ನೇ ತುಳಿದು ದಡ ಸೇರಿ, ಕೆಸರುಗಾಲಲ್ಲೇ ಓಡಿ ಬಸ್ಸು ಹತ್ತಿದಳು.

ದೊಡ್ಡಪ್ಪ ಎದ್ದು ಕೂತು ಕೇಳಿದ, “ಏನ್ಲಾ, ಬಾಯಿ ಬಂತಾ?” ನೇರವಾಗಿ ಅಪ್ಪನನ್ನೇ ಕೇಳಿದ. ಅಪ್ಪ ಟವಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದ. ನನಗೆ ಅಳುವೂ ಬಂತು, ನಗುವೂ ಬಂತು.

ಮೊಮ್ಮಕ್ಕಳೇ, ಈಗ ಅಲ್ಲಿ ಸಿಮೆಂಟಿನ ಸೇತುವೆ ಇದೆ. ಕಾರಿನಲ್ಲಿ ಹೋಗುವ ನಿಮಗೆ ಕೆಳಗೊಂದು ಹಳ್ಳ ಇರುವುದೂ ತಿಳಿಯುವುದಿಲ್ಲ. ಫೋನ್ ಇದೆ, ಕೂತಲ್ಲಿಂದಲೇ ಯಾರ ಜೊತೆಗಾದರೂ ಮಾತಾಡಬಹುದು. ಆದರೆ ನಿಮ್ಮಪ್ಪನೂ ಚಿಕ್ಕಪ್ಪನೂ ಯುಗಾದಿಯಿಂದ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡು ಕೂತಿದ್ದಾರೆ. ಎರಡು ಮನೆಗಳ ನಡುವೆ ಇರುವುದು ಒಂದೇ ಬೀದಿ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಬ್ಬರಲ್ಲಿ ಒಬ್ಬನಾದರೂ “ಅವನಿಗೆ ಇಷ್ಟು ಹೇಳಮ್ಮ” ಅನ್ನಲಿ, ಈ ಮಂಡಿನೋವಿನಲ್ಲೂ ಓಡಿಯೇನು.