ಮಾವ ಹೇಳಿದ ಹೆಸರು

ಅವರ ಬಲಗೈ ಮಸಿಗಪ್ಪು, ಎಡಗೈ ಗೋಧಿ ಬಣ್ಣ. ಜೀಪಿನ ಬಾಗಿಲ ಮೇಲೆ ಮೊಣಕೈ ಊರಿ ವರ್ಷಾನುಗಟ್ಟಲೆ ಬಿಸಿಲಿಗೊಡ್ಡಿದ ಕೈ ಅದು. ಸುಂಟಿಕೊಪ್ಪದಿಂದ ಕಾಫಿ ಎಸ್ಟೇಟುಗಳಿಗೆ ಪಿಕಿಂಗ್ ಹೆಂಗಸರನ್ನು ಸಾಗಿಸುತ್ತಿದ್ದ ಡ್ರೈವರ್, ನಮ್ಮ ಪಕ್ಕದ ಮನೆಯವರು. ನನಗೆ ಮಾವ, ನನ್ನ ಮಗಳಿಗೆ ಜೀಪ್ ತಾತ. ರಕ್ತಸಂಬಂಧ ಏನೂ ಇಲ್ಲ.

ಬೆಳಿಗ್ಗೆ ಹೋಗುವಾಗ ಯಾವುದಾದರೂ ಪತ್ತೇದಾರಿ ಸಿನಿಮಾದ ಕಥೆ ಶುರುಮಾಡಿ, ಕಳ್ಳ ಸಿಕ್ಕಿಬೀಳುವ ಹೊತ್ತಿಗೆ ಎಸ್ಟೇಟ್ ಗೇಟಿನಲ್ಲಿ ಜೀಪು ನಿಲ್ಲಿಸಿಬಿಡುತ್ತಿದ್ದರಂತೆ. ಹೆಂಗಸರು ದಿನವಿಡೀ ಕಾಫಿ ಕೀಳುತ್ತಾ ‘ಅವನೇ’, ‘ಅಲ್ಲ, ಇವಳೇ’ ಎಂದು ಕಚ್ಚಾಡಬೇಕು. ಸಂಜೆ ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳಿದ ಮೇಲೇ ಉಳಿದ ಕಥೆ.

ಜೀಪು ಓಡಿಸುವುದು ಬಿಟ್ಟ ಮೇಲೆ ಆ ಚಟವನ್ನು ನಮ್ಮ ಮನೆಗೆ ತಂದರು. ಭಾನುವಾರ ಸಂತೆಯ ದಿನ, ನನಗೆ ಹೊಲಿಗೆಯಿಂದ ತಲೆ ಎತ್ತಲೂ ಪುರುಸೊತ್ತಿಲ್ಲ. “ನಿನ್ನ ಮಿಷನ್ ನೀನು ತುಳಿ ಕಣಮ್ಮ, ಕೂಸು ನನ್ ಜೊತೆ ಇರ್ಲಿ” ಎನ್ನುತ್ತಿದ್ದರು. ಒಂಟಿಯಾಗಿ ಮಗಳನ್ನು ಸಾಕುವವಳಿಗೆ ಆ ಮಾತು ಎಷ್ಟು ದೊಡ್ಡದೆಂದು ನನಗೆ ಗೊತ್ತು.

ಇಬ್ಬರೂ ನನ್ನ ಫೋನಿನಲ್ಲಿ ಪೈಲ್ವಾನರ ಪತ್ತೇದಾರಿ ಕಾರ್ಟೂನ್ ಸಿನಿಮಾ ನೋಡುತ್ತಿದ್ದರು. ಇಂಗ್ಲಿಷ್ ಮಾತು, ಇಬ್ಬರಿಗೂ ಅರ್ಥವಾಗದು. ಮಾವ ಮುಖ ನೋಡಿಯೇ ಕಳ್ಳನನ್ನು ಹಿಡಿಯುವವರು, ಹಿಡಿದದ್ದೆಲ್ಲ ತಪ್ಪೇ. ಮೊದಲ ಭಾಗದಲ್ಲಿ ಮೀಸೆ ಪೈಲ್ವಾನನೇ ಅಂದರು, ಅವನಲ್ಲ. “ಸಿನಿಮಾ ಮಾಡ್ದೋನೇ ತಪ್ಪು ಮಾಡಿದ್ದಾನೆ ಬಿಡು” ಎಂದು ಎದ್ದುಹೋದರು! ಎಂಥಾ ಭಂಡತನ!

ಆಮೇಲೆ ಎರಡನೇ ಭಾಗ ಬಂತು. ಅದೇ ಪೈಲ್ವಾನರು ಈಗ ಹೆಲ್ಮೆಟ್ ಹಾಕಿ ಕಾರ್ ರೇಸಿಗೆ ಇಳಿದಿದ್ದಾರೆ. ಯಾವ ಕಾರು ಮುಂದೆ ಬಂದರೂ ಅದು ಕೆಡುತ್ತದೆ, ಮುಸುಕು ಹಾಕಿದ ಯಾರೋ ಕೆಡಿಸುತ್ತಿದ್ದಾರೆ. ಮುಸುಕು ತೆಗೆಯುವ ಜಾಗಕ್ಕೆ ಸರಿಯಾಗಿ ಮಾವ ನಿಲ್ಲಿಸಿದರು. ಮಗಳು ಕೆಂಪು ಕಾರಿನವನು ಅಂದಳು. ನಾನು ರೇಸಿನ ಮ್ಯಾನೇಜರ್ ಅಂದೆ.

“ನಂದು ಬರೋ ವಾರ. ಈ ಸಲ ತಪ್ಪಬಾರ್ದು, ಯೋಚ್ನೆ ಮಾಡ್ಬೇಕು” ಎಂದರು.

ಆ ವಾರವೇ ನಲ್ಲಿಯ ಹತ್ತಿರ ಬಿದ್ದರು. ಸ್ಟ್ರೋಕ್. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಶಬ್ದ, ‘ಬ್ರೇಕ್’. ನೀರು ಬೇಕಾದರೂ ಬ್ರೇಕ್, ಹೆಂಡತಿಯನ್ನು ಕರೆಯಲೂ ಬ್ರೇಕ್. ಆ ಅತ್ತೆ ಆಸ್ಪತ್ರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿರುತ್ತಿದ್ದರು. ಡಾಕ್ಟರು ಕಾಯಬೇಕು ಎಂದಷ್ಟೇ ಹೇಳಿದರು.

ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಅವಳು ಮಂಚದ ಪಕ್ಕ ನಿಂತು ಕೇಳಿಯೇಬಿಟ್ಟಳು. “ತಾತ, ನಿಮ್ದೊಂದೇ ಬಾಕಿ. ಕಳ್ಳ ಯಾರು?”

ಸುಮ್ಮನಿರೆ ಎಂದು ಚಿವುಟಿದೆ. ಆದರೆ ಮಾವನ ಮುಖ ಅರಳಿತು. ಎಡಗೈ ಎತ್ತಿ ಶುರುಮಾಡಿದರು. “ಬ್ರೇಕ್, ಬ್ರೇಕ್ ಬ್ರೇಕ್...” ದನಿ ತಗ್ಗಿಸಿದರು, ಏರಿಸಿದರು, ಸ್ಟೇರಿಂಗ್ ತಿರುಗಿಸಿದರು, ಬೆರಳು ಮಡಚಿ ಒಂದೊಂದೇ ಕಾರಣ ಕೊಟ್ಟರು. ಎಲ್ಲವೂ ಹಳೇ ಧಾಟಿಯೇ. ಕೊನೆಗೆ “ಬ್ರೇಕ್!” ಎಂದು ಹೆಸರು ಹೇಳಿ ಮುಗಿಸಿ ನಮ್ಮ ಮುಖ ನೋಡಿದರು.

ನಾನು “ನೀರು ಬೇಕಾ ಮಾವ?” ಎಂದೆ. ಹಾಳಾದ ಬಾಯಿ ನನ್ನದು. ಅಲ್ಲವೆಂದು ತಲೆ ಅಲ್ಲಾಡಿಸಿದರು. ಕಣ್ಣಿಂದ ನೀರು ಇಳಿಯಿತು. ಒಳಗೆ ಇಡೀ ಮನುಷ್ಯ ಇದ್ದರು, ನನ್ನ ಕೈಗೆ ಸಿಗುತ್ತಿರಲಿಲ್ಲ.

“ಹೌದು ತಾತ, ನಂಗೂ ಈಗ ಅವ್ನೇ ಅನ್ಸ್ತದೆ” ಅಂದಳು ಮಗಳು.

ಅರ್ಧ ಬಾಯಲ್ಲಿ ನಕ್ಕರು. ಗೆದ್ದವರ ಹಾಗೆ ಹಾಸಿಗೆಯನ್ನು ತಟ್ಟಿದರು. ಮಾರನೇ ಬೆಳಿಗ್ಗೆ ತೀರಿಕೊಂಡರು.

ತಿಥಿ ಮುಗಿದ ಮೇಲೆ ಒಂದು ದಿನ ನಾನು ಹೊಲಿಯಲು ಕೂತಿದ್ದಾಗ ಮಗಳು ಫೋನ್ ಹಿಡಿದು ಬಂದಳು. ಸಿನಿಮಾ ಅಲ್ಲೇ ನಿಂತಿತ್ತು.

“ಅಮ್ಮ, ತಾತ ಯಾರ ಹೆಸ್ರು ಹೇಳಿದ್ದು?”

“ನಿಂಗೆ ಅರ್ಥ ಆಗಿತ್ತಲ್ಲೇ?”

“ಇಲ್ಲ. ನಿಂಗೆ ಆಗಿದೆ ಅಂದ್ಕೊಂಡೆ.”