ಚೀನಾ ರಾಕೆಟ್ಟಿಗೆ ಹಿಡಿದ ಗ್ರಹಣ

ರಾಕೆಟ್ ಬೀಳಲಿಲ್ಲ, ಜನ ದಂಡಕ್ಕೆ ಉಪವಾಸ ಕೂತರು. ಚೀನಾದವರು ಉಪಗ್ರಹ ಹಾರಿಸಿದ್ದ ರಾಕೆಟ್ಟಿನ ತುಂಡು ಮಧ್ಯಾಹ್ನ ಕಬಿನಿ ಕಡೆ ಬೀಳುತ್ತದೆಂದು ಮೊಬೈಲಿನಲ್ಲಿ ಸುದ್ದಿಯಂತೆ. ಸರಗೂರು ಬಸ್ ನಿಲ್ದಾಣದ ಹೋಟೆಲಿನವನು ಗ್ರಹಣವೇ ಬಂದಂತೆ ನೀರಿನ ಕೊಡಕ್ಕೆ ದರ್ಭೆ ಹಾಕಿ ಒಲೆ ಆರಿಸಿದ್ದ. ಹೆರಿಗೆ ನೋವು ಶುರುವಾಗಿದ್ದ ನನ್ನ ಮೊಮ್ಮಗಳನ್ನು ಕೋಟೆ ಪಟ್ಟಣದ ಆಸ್ಪತ್ರೆಗೆಂದು ನಾನು ಬಸ್ಸು ಹತ್ತಿಸಲು ಹೊರಟರೆ ಅವನೇ ಅಡ್ಡ ನಿಂತ.

"ಬಸುರಿ ಈಗ ಬಯಲಿಗೆ ಬರಬಾರ್ದು ಕಣಜ್ಜಿ. ಮಗೀನ ತುಟಿ ಸೀಳೋಯ್ತದೆ."

"ಗ್ರಹಣ ದೇವರದು ಕಣ್ಲಾ. ಚೀನಾದ ಕಬ್ಬಿಣಕ್ಕೂ ದರ್ಭೆನಾ? ದಾರಿ ಬುಡು!"

ಸಂಜೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅವನನ್ನು ಅಷ್ಟು ಬೈದು ಬಂದ ನಾನೇ ಮೊದಲು ಅದರ ತುಟಿ ನೋಡಿದೆ. ನೆಟ್ಟಗಿತ್ತು. ಆಮೇಲೆ ಉಸಿರು ಬಿಟ್ಟೆ.

ಮಾರನೆಯ ಬೆಳಿಗ್ಗೆ ಮಗುವನ್ನು ಆಸ್ಪತ್ರೆಯ ಅಂಗಳಕ್ಕೆ ತಂದು ಎಳೆಬಿಸಿಲಿಗೆ ಹಿಡಿದು ಕುಳಿತೆ.