ಕಬ್ಬಿಣ ತಾಗಿದ ತೊಗಟೆ

ನನ್ನ ಸಿಟ್ಟು ಯಾವಾಗಲೂ ತಪ್ಪು ಮನುಷ್ಯರ ಮೇಲೆಯೇ ಹೋಗುತ್ತಿತ್ತು. ಆ ವರ್ಷ ಅದು ನಮ್ಮ ದೊಡ್ಡವ್ವನ ಮೇಲೆ ಹೋಯಿತು.

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತಂದೆಯ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ನಮ್ಮೂರು ತಿಕೋಟಾದಲ್ಲಿ ಭೇದಿಗೆ ಜಾಲಿ ತೊಗಟೆಯ ಕಷಾಯ ಕೊಡುತ್ತಿದ್ದಳು. ಬಬಲೇಶ್ವರದಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ದೊಡ್ಡಪ್ಪ ತೀರಿದ ಮೇಲೆ ಮನೆಯಲ್ಲಿ ಅವಳ ಮಾತಿಗೆ ಕಿಮ್ಮತ್ತು ಇರಲಿಲ್ಲ. ಆ ಕಷಾಯದ ಗಡಿಗೆಯ ಮುಂದೆ ಕೂತಾಗ ಮಾತ್ರ ಊರೇ ಕೇಳುತ್ತಿತ್ತು.

ಒಂದು ಮಳೆಗಾಲ, ಕಷಾಯ ಕುಡಿದ ಕೂಸೊಂದು ವಾಂತಿ ಮಾಡಿಕೊಂಡಿತು. ಕೂಸು ಚೇತರಿಸಿಕೊಂಡಿತು, ಮಾತು ಬೆಳೆಯಿತು. ಬಣ್ಣಗಾರರು ಬಟ್ಟೆ ಕಪ್ಪು ಮಾಡಲು ಬಳಸುವ ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಉಪ್ಪನ್ನು, ಮುದುಕಿ ಬೆರೆಸುತ್ತಾಳೆಂದು ಯಾರೋ ಹಬ್ಬಿಸಿದರು. ಊರಗೌಡರು ಅವಳಿಗೆ, "ನಿಮ್ಮ ಹುಡುಗ ವಿಜಾಪುರದಾಗ ಮಾಸ್ತರ ಅದಾನಲ್ಲ, ಅವನೇ ಪರೀಕ್ಷಾ ಮಾಡ್ಲಿ. ಅಲ್ಲೀತನಕಾ ಔಷಧ ಬಂದ್ ಇಡಬೇ ಯವ್ವಾ," ಎಂದರು.

ನಾನು ಹೋದೆ. ದೊಡ್ಡವ್ವ ಔಷಧಕ್ಕೆಂದು ಸಿದ್ಧಮಾಡಿ ಇಟ್ಟಿದ್ದ ತೊಗಟೆಯ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಎಷ್ಟು ತೊಗಟೆಗೆ ಎಷ್ಟು ನೀರು ಎಂದರೆ, "ಕೈ ಹೇಳತೈತಿ." ಎಷ್ಟು ಹೊತ್ತು ಕುದಿಸಬೇಕು ಎಂದರೆ, "ವಾಸನಿ ಹೇಳತೈತಿ." ಇದನ್ನು ನೋಟ್‌ಬುಕ್ಕಿನಲ್ಲಿ ಏನೆಂದು ಬರೆದುಕೊಳ್ಳಲಿ? ತಲೆ ಚಿಟ್ಟು ಹಿಡಿಯಿತು. ಹೊರಟಾಗ ಬಾಗಿಲ ತನಕ ಬಂದು, "ಕಬ್ಬಿಣ ತಾಗಸಬ್ಯಾಡೋ ತಮ್ಮಾ, ಕೆಡತೈತಿ," ಎಂದಳು. ಮುದುಕಿಯರ ಮಡಿ ಎಂದು ಒಳಗೇ ನಕ್ಕು, "ಆತು ಬಿಡಬೇ," ಎಂದೆ.

ನಮ್ಮ ಪ್ರಯೋಗಶಾಲೆ ಎಂದರೆ ಒಂದು ಕಪಾಟು. ಮುಂಬೈಯಿಂದ ಸಾಮಾನು ಬರುವುದು ನಿಂತಿತ್ತು. ಇದ್ದೊಂದು ಪಿಂಗಾಣಿ ಒರಳು ಒಡೆದು ಹೋಗಿತ್ತು. ಹೊಸದು ಕೇಳಿ ಕೇಳಿ ಸಾಕಾಗಿ, ಅದೇ ಸಿಟ್ಟಿನಲ್ಲಿ ಪಕ್ಕದ ಮನೆಯ ಮಸಾಲೆ ಕುಟ್ಟುವ ಕಬ್ಬಿಣದ ಖಲಬತ್ತಾ ತಂದು, ತೊಗಟೆಗೆ ನೀರು ಚಿಮುಕಿಸಿ ಅದರಲ್ಲೇ ಕುಟ್ಟಿ ನೆನೆಹಾಕಿದೆ. ಮರುದಿನ ಸೋಸಿದರೆ ನೀರು ಮಸಿಗಪ್ಪು. ತೊಗಟೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆಂದು ವರ್ಷ ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದವನು ನಾನೇ. ಕಬ್ಬಿಣ ಇದೆ, ಅಂದರೆ ಅನ್ನಭೇದಿ ಇದೆ. ಹಾಗೆಂದು ಬರೆದು, ಸಹಿ ಹಾಕಿ, ಗೌಡರಿಗೆ ಕಳಿಸಿದೆ. ಸ್ವಂತದವರೆಂದು ಮುಚ್ಚಿಡಲಿಲ್ಲ ಎಂಬ ಜಂಬ ಬೇರೆ. ದೊಡ್ಡವ್ವನ ಔಷಧ ಕಾಯಂ ಬಂದ್ ಆಯಿತು.

ತಿಂಗಳಾದ ಮೇಲೆ, ಶುದ್ಧ ತೊಗಟೆಯ ನೀರು ಕೆಂಪಗಿರುತ್ತದೆ ಎಂದು ತರಗತಿಯಲ್ಲಿ ತೋರಿಸಬೇಕಿತ್ತು. ಶಾಲೆಯ ಅಂಗಳದ ಜಾಲಿಯ ತೊಗಟೆಯನ್ನು ಅದೇ ಖಲಬತ್ತಾದಲ್ಲಿ ಕುಟ್ಟಿ ನೆನೆಹಾಕಿದೆ. ಅದೂ ಕಪ್ಪಾಯಿತು. ಆ ಮರಕ್ಕೆ ಅನ್ನಭೇದಿ ಉಣಿಸಿದವರು ಯಾರು? ಖಲಬತ್ತಾ ಬಗ್ಗಿಸಿ ನೋಡಿದೆ, ಒಳಗೆಲ್ಲ ತುಕ್ಕು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನಗೆ ಆ ಒಕ್ಕಾಲೂ ಕೆಲಸಕ್ಕೆ ಬಂದಿರಲಿಲ್ಲ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ರವಿವಾರ ತಿಕೋಟಾಕ್ಕೆ ಹೋಗಿ ಮೊದಲು ಗೌಡರಿಗೆ ಹೇಳಿದೆ. "ಆಗಿದ್ದು ಆತು, ಬಿಡ್ರಿ ಮಾಸ್ತರ," ಎಂದರು. ಬಿಡಲು ಅವರಿಗೇನು ಕಷ್ಟ?

ದೊಡ್ಡವ್ವ ಮೊದಲು ತೊಗಟೆ ಕುಟ್ಟುತ್ತಿದ್ದ ಕಲ್ಲಿನ ಒರಳಿನಲ್ಲಿ ಈಗ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಕುಟ್ಟುತ್ತಿದ್ದಳು. ಖಾರ ಬಿದ್ದ ಒರಳನ್ನು ಅವಳು ಮತ್ತೆ ಔಷಧಕ್ಕೆ ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಖಲಬತ್ತಾದ ಕಥೆಯನ್ನೆಲ್ಲ ಹೇಳಿ, "ತಪ್ಪು ನಂದಬೇ. ಇನ್ನೊಂದು ಕಾಗದ ಬರದ ಕೊಡ್ತೀನಿ," ಎಂದೆ.

ಅವಳು ಕೈ ನಿಲ್ಲಿಸಲಿಲ್ಲ.

"ಕಾಗದ ಇರ್ಲಿ ತಮ್ಮಾ. ಕೂಸಿನ ಔಷಧದಾಗ ಅನ್ನಭೇದಿ ಹಾಕೀಯೇನ ದೊಡ್ಡವ್ವಾ ಅಂತ, ನನ್ನ ಒಂದ ಮಾತ ಕೇಳಿದ್ದಿಯೇನ?"

ಕೇಳಿರಲಿಲ್ಲ. ಅವಳು ರೊಟ್ಟಿಯ ಮೇಲೆ ಹಿಂಡಿ ಹಾಕಿ ನನ್ನ ಮುಂದಿಟ್ಟು, "ಉಣ್ಣು," ಎಂದಳು.